ಗರ್ಭಕೋಶದ ಅಪಧಮನಿಯ ಡಾಪ್ಲರ್ ಪರೀಕ್ಷೆ

ಗರ್ಭಕೋಶದ ಅಪಧಮನಿಯ ಡಾಪ್ಲರ್ ಪರೀಕ್ಷೆಯು ಗರ್ಭಿಣಿಯ ದೇಹದಿಂದ ಗರ್ಭಕೋಶಕ್ಕೂ ಅಲ್ಲಿಂದ ಮಾಸಿಗೂ (ಜರಾಯುವಿಗೂ) ಹರಿಯುವ ರಕ್ತದ ಸ್ವರೂಪವನ್ನು ಶ್ರವಣಾತೀತ ಧ್ವನಿತರಂಗಗಳ ನೆರವಿನಿಂದ ತಿಳಿಯುವ ವಿಧಾನವಾಗಿದೆ. ಇದನ್ನು ಮುಖ್ಯವಾಗಿ ಗಂಡಾಂತರಕಾರಿ ಗರ್ಭಧಾರಣೆಗಳಲ್ಲಿ ಬಳಸುತ್ತಾರೆ. ಅಂದರೆ ತಾಯಿಗೆ ಪ್ರೀಎಕ್ಲಾಂಪ್ಸಿಯಾ (ಗರ್ಭಿಣಿಯರ ನಂಜು) ಬರುವ, ಅಥವಾ ಶಿಶುವಿನ ಬೆಳವಣಿಗೆ ಗರ್ಭದಲ್ಲೇ ಕುಂಠಿತವಾಗುವ ಸಂಭವ ಹೆಚ್ಚಿರುವ ಸಂದರ್ಭಗಳಲ್ಲಿ ಇದರ ಉಪಯೋಗವಿದೆ. ಪರೀಕ್ಷೆ ನೋವಿಲ್ಲದ್ದು, ಕ್ಷಕಿರಣವನ್ನಾಗಲಿ ಚುಚ್ಚುಮದ್ದನ್ನಾಗಲಿ ಬಳಸುವುದಿಲ್ಲ. ಇದು ಮುಂದೆ ಬರಬಹುದಾದ ತೊಂದರೆಯ ಸಂಭವವನ್ನು ಸೂಚಿಸುತ್ತದೆಯೇ ಹೊರತು ತಾನೇ ಚಿಕಿತ್ಸೆಯಲ್ಲ. ಆದ್ದರಿಂದ ಪರೀಕ್ಷೆಯನ್ನು ಗರ್ಭಧಾರಣೆಯ ಯಾವ ವಾರದಲ್ಲಿ ಮಾಡಲಾಯಿತು, ಫಲಿತಾಂಶ ಬಂದ ಮೇಲೆ ಏನು ಮಾಡಲಾಯಿತು ಎಂಬುದರ ಮೇಲೆ ಇದರ ಪ್ರಯೋಜನ ನಿಂತಿದೆ.

ಎರಡು ಬಗೆಯ ಡಾಪ್ಲರ್

ಆಡುಮಾತಿನಲ್ಲಿ "ಡಾಪ್ಲರ್ ಸ್ಕ್ಯಾನ್" ಎಂದು ಒಂದೇ ಹೆಸರಿನಿಂದ ಕರೆದರೂ ಗರ್ಭಿಣಿಯರಲ್ಲಿ ನಡೆಸುವ ಡಾಪ್ಲರ್ ಪರೀಕ್ಷೆಗಳು ಎರಡು ಪ್ರತ್ಯೇಕ ರಕ್ತಪರಿಚಲನೆಗಳಿಗೆ ಸಂಬಂಧಿಸಿದವು. ಮೊದಲನೆಯದು ತಾಯಿಯದು: ಆಕೆಯ ಹೃದಯದಿಂದ ಹೊರಟ ರಕ್ತ ಗರ್ಭಕೋಶದ ಎಡ ಮತ್ತು ಬಲ ಅಪಧಮನಿಗಳ ಮೂಲಕ ಮಾಸನ್ನು ತಲುಪುವ ಹಾದಿ. ಎರಡನೆಯದು ಶಿಶುವಿನದು: ಶಿಶುವಿನ ಹೃದಯದಿಂದ ಹೊಕ್ಕುಳಬಳ್ಳಿಯ ಮೂಲಕ ಮಾಸಿಗೆ ಬಂದು ಹಿಂದಿರುಗುವ ಹಾದಿ. ಮಾಸಿನಲ್ಲಿ ಈ ಎರಡು ರಕ್ತಗಳು ಸಹಜವಾಗಿ ಬೆರೆಯುವುದಿಲ್ಲ. ತೆಳುವಾದ ಪೊರೆಯೊಂದರ ಆಚೀಚೆ ನಿಂತು ಆಮ್ಲಜನಕ, ಪೋಷಕಾಂಶ ಮತ್ತು ತ್ಯಾಜ್ಯಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ.

ಎರಡೂ ಅಳತೆಗಳು ಒಂದೇ ಹಾಳೆಯಲ್ಲಿ ಅಚ್ಚಾಗಿ ಬರುವುದರಿಂದ ವಿದ್ಯಾರ್ಥಿಗಳೂ ಕುಟುಂಬದವರೂ ಒಂದಕ್ಕೆ ಹೇಳಿದ ಮಾತನ್ನು ಮತ್ತೊಂದಕ್ಕೆ ಅನ್ವಯಿಸಿಕೊಳ್ಳುವುದುಂಟು. ತಾಯಿಯ ಕಡೆಯ ಪರೀಕ್ಷೆ ವಾರಗಳ ಮೊದಲೇ ಅಪಾಯದ ಸಂಭವವನ್ನು ತಿಳಿಸುತ್ತದೆ. ಶಿಶುವಿನ ಕಡೆಯ ಪರೀಕ್ಷೆ ಶಿಶುವಿನ ಇಂದಿನ ಸ್ಥಿತಿಯನ್ನು ತಿಳಿಸುತ್ತದೆ. ಈ ಲೇಖನ ಮುಖ್ಯವಾಗಿ ಮೊದಲನೆಯದನ್ನು ಕುರಿತದ್ದು.

ಶರೀರಕ್ರಿಯೆ

ಗರ್ಭಕೋಶದ ಅಪಧಮನಿಗಳು ಒಳ ಶ್ರೋಣಿ ಅಪಧಮನಿಗಳ ಕವಲುಗಳು. ಇವು ಗರ್ಭಕೋಶದ ಗೋಡೆಯಲ್ಲಿ ಮತ್ತೆ ಮತ್ತೆ ಕವಲೊಡೆದು ಕೊನೆಗೆ ಸುರುಳಿ ಅಪಧಮನಿಗಳಾಗಿ ಮಾಸಿನ ತಳದಲ್ಲಿ ತೆರೆದುಕೊಳ್ಳುತ್ತವೆ. ಗರ್ಭವಿಲ್ಲದಾಗ ಈ ಸುರುಳಿ ಅಪಧಮನಿಗಳು ಕಿರಿದಾಗಿದ್ದು, ಸ್ನಾಯುವಿನ ಪದರವನ್ನು ಹೊಂದಿರುತ್ತವೆ, ಬೇಕೆಂದಾಗ ಸಂಕುಚಿಸಬಲ್ಲವು. ಗರ್ಭ ನಿಂತ ಮೇಲೆ ಮಾಸಿನ ಪೋಷಕಪೊರೆಯ ಜೀವಕೋಶಗಳು (ಟ್ರೊಫೊಬ್ಲಾಸ್ಟ್) ಈ ನಾಳಗಳ ಗೋಡೆಯೊಳಕ್ಕೆ ನುಗ್ಗಿ ಸ್ನಾಯುಪದರವನ್ನು ಕರಗಿಸುತ್ತವೆ. ಕಿರಿದಾದ ನಾಳ ಅಗಲವಾದ, ಸಂಕುಚಿಸಲಾರದ ಕೊಳವೆಯಾಗುತ್ತದೆ. ಈ ಮಾರ್ಪಾಡು ಮೊದಲ ತ್ರೈಮಾಸಿಕದಲ್ಲಿ ಆರಂಭವಾಗಿ ಸುಮಾರು 20ನೇ ವಾರದ ಹೊತ್ತಿಗೆ ಬಹುಮಟ್ಟಿಗೆ ಮುಗಿಯುತ್ತದೆ. ಗರ್ಭವಿಲ್ಲದಾಗ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ಇರುವ ಗರ್ಭಕೋಶದ ರಕ್ತಪ್ರವಾಹ, ದಿನ ತುಂಬುವಾಗ 500ರಿಂದ 750 ಮಿಲಿಲೀಟರ್‌ವರೆಗೆ ಏರುವುದು ಇದರಿಂದಲೇ ಸಾಧ್ಯವಾಗುತ್ತದೆ.

ಕೆಲವರಲ್ಲಿ ಈ ಮಾರ್ಪಾಡು ಅರೆಬರೆಯಾಗಿ ನಿಲ್ಲುತ್ತದೆ. ಸುರುಳಿ ಅಪಧಮನಿಗಳು ಕಿರಿದಾಗಿಯೇ ಉಳಿದು ಮಾಸಿಗೆ ರಕ್ತ ಸಾಲದಾಗುತ್ತದೆ. ಇದರ ಪರಿಣಾಮ ತಿಂಗಳುಗಳ ನಂತರ ಕಾಣಿಸುತ್ತದೆ: ತಾಯಿಯಲ್ಲಿ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನು ಸೋರುವ ಪ್ರೀಎಕ್ಲಾಂಪ್ಸಿಯಾ, ಶಿಶುವಿನಲ್ಲಿ ತೂಕದ ಕೊರತೆ, ಕೆಲವೊಮ್ಮೆ ಮಾಸು ಅವಧಿಗೆ ಮುನ್ನ ಕಳಚಿಕೊಳ್ಳುವುದು ಅಥವಾ ಶಿಶು ಗರ್ಭದಲ್ಲೇ ಸಾಯುವುದು.

ಸುರುಳಿ ಅಪಧಮನಿಗಳನ್ನು ಒಂದೊಂದಾಗಿ ಅಳೆಯುವುದು ದಿನನಿತ್ಯದ ಸ್ಕ್ಯಾನಿನಲ್ಲಿ ಸಾಧ್ಯವಿಲ್ಲ. ಆದರೆ ನಾಲೆಯ ಕೊನೆಯ ತೂಬುಗಳು ಮುಚ್ಚಿದ್ದರೆ ಮೇಲಿನ ನಾಲೆಯಲ್ಲೇ ನೀರಿನ ನಡೆ ಬದಲಾಗುವಂತೆ, ತುದಿಯ ನಾಳಗಳ ಪ್ರತಿರೋಧ ಹೆಚ್ಚಿದ್ದರೆ ಅದರ ಗುರುತು ದೊಡ್ಡ ಅಪಧಮನಿಯ ಹರಿವಿನಲ್ಲಿ ಮೂಡುತ್ತದೆ. ಡಾಪ್ಲರ್ ಓದುವುದು ಈ ಗುರುತನ್ನು.

ಇತಿಹಾಸ

ಚಲಿಸುವ ಮೂಲದಿಂದ ಬರುವ ಅಲೆಗಳ ಆವರ್ತನ ಬದಲಾದಂತೆ ತೋರುತ್ತದೆ ಎಂಬ ತತ್ತ್ವವನ್ನು ಆಸ್ಟ್ರಿಯಾದ ಭೌತವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಮಂಡಿಸಿದನು. ಅವನ ಗಮನವಿದ್ದದ್ದು ನಕ್ಷತ್ರಗಳ ಬಣ್ಣದ ಮೇಲೆ. 1967ರಲ್ಲಿ ಬ್ರೋಸೆನ್ಸ್, ರಾಬರ್ಟ್‌ಸನ್ ಮತ್ತು ಡಿಕ್ಸನ್ ಅವರು ಗರ್ಭಾವಸ್ಥೆಯಲ್ಲಿ ಸುರುಳಿ ಅಪಧಮನಿಗಳು ಮಾರ್ಪಡುವ ಬಗೆಯನ್ನು ವಿವರಿಸಿದರು. 1977ರಲ್ಲಿ ಡಬ್ಲಿನ್ನಿನ ಫಿಟ್ಸ್‌ಜೆರಾಲ್ಡ್ ಮತ್ತು ಡ್ರಮ್ ಹೊಕ್ಕುಳಬಳ್ಳಿಯ ರಕ್ತಪ್ರವಾಹವನ್ನು ಡಾಪ್ಲರ್ ಮೂಲಕ ದಾಖಲಿಸಿದರು. ತಾಯಿಯ ಕಡೆಯ ಪ್ರವಾಹವನ್ನು ಇದೇ ರೀತಿ ಅಳೆಯಬಹುದೆಂದು 1983ರಲ್ಲಿ ಲಂಡನ್ನಿನ ಸ್ಟೂವರ್ಟ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ತೋರಿಸಿದರು.

ತತ್ತ್ವ ಮತ್ತು ಅಳತೆ

ಯಂತ್ರ ಕಳುಹಿಸಿದ ಧ್ವನಿ ಚಲಿಸುತ್ತಿರುವ ಕೆಂಪು ರಕ್ತಕಣಗಳಿಗೆ ತಾಗಿ ಹಿಂದಿರುಗುವಾಗ ಅದರ ಆವರ್ತನ ಬದಲಾಗಿರುತ್ತದೆ. ಬದಲಾವಣೆಯ ಪ್ರಮಾಣ ರಕ್ತದ ವೇಗವನ್ನೂ ಧ್ವನಿಕಿರಣಕ್ಕೂ ನಾಳಕ್ಕೂ ನಡುವಿನ ಕೋನವನ್ನೂ ಅವಲಂಬಿಸುತ್ತದೆ. 3 ಮೆಗಾಹರ್ಟ್ಸ್ ಧ್ವನಿ, ಸೆಕೆಂಡಿಗೆ 60 ಸೆಂಟಿಮೀಟರ್ ವೇಗದಲ್ಲಿ ನೇರವಾಗಿ ಎದುರು ಬರುವ ರಕ್ತಕ್ಕೆ ತಾಗಿದರೆ ಆವರ್ತನದಲ್ಲಿ ಸುಮಾರು 2.3 ಕಿಲೋಹರ್ಟ್ಸ್ ವ್ಯತ್ಯಾಸವಾಗುತ್ತದೆ. ಈ ವ್ಯತ್ಯಾಸ ಮನುಷ್ಯನ ಕಿವಿಗೆ ಕೇಳುವ ಮಿತಿಯೊಳಗೇ ಇದೆ. ಸ್ಕ್ಯಾನಿಂಗ್ ಕೋಣೆಯಲ್ಲಿ ಕೇಳಿಬರುವ ಬುಸ್ ಬುಸ್ ಎಂಬ ಲಯಬದ್ಧ ಸದ್ದು ಇದೇ.

ಪರದೆಯ ಮೇಲೆ ಪ್ರತಿ ಹೃದಯಬಡಿತಕ್ಕೂ ಒಂದು ಅಲೆ ಮೂಡುತ್ತದೆ. ಅಲೆಯ ಶಿಖರ ಹೃದಯದ ಸಂಕುಚನದ ವೇಗ. ಬಾಲ ವಿಕಸನದ ಕೊನೆಯ ವೇಗ. ಮುಂದಿನ ನಾಳಗಳು ವಿಶಾಲವಾಗಿದ್ದರೆ ಹೃದಯ ವಿಕಸಿಸುವಾಗಲೂ ರಕ್ತ ಧಾರಾಳವಾಗಿ ಹರಿಯುತ್ತಿರುತ್ತದೆ, ಬಾಲ ಎತ್ತರದಲ್ಲಿರುತ್ತದೆ. ಪ್ರತಿರೋಧ ಹೆಚ್ಚಿದ್ದರೆ ಬಾಲ ತಗ್ಗುತ್ತದೆ. ಇದನ್ನು ಸಂಖ್ಯೆಯಲ್ಲಿ ಹೇಳಲು ಮಿಡಿತ ಸೂಚ್ಯಂಕವನ್ನು (ಪಲ್ಸಟಿಲಿಟಿ ಇಂಡೆಕ್ಸ್) ಬಳಸುತ್ತಾರೆ: ಶಿಖರದ ವೇಗದಿಂದ ಬಾಲದ ವೇಗವನ್ನು ಕಳೆದು, ಬಂದದ್ದನ್ನು ಇಡೀ ಬಡಿತದ ಸರಾಸರಿ ವೇಗದಿಂದ ಭಾಗಿಸಬೇಕು. ಉದಾಹರಣೆಗೆ ಶಿಖರ 60, ಬಾಲ 30, ಸರಾಸರಿ 40 ಸೆಂಟಿಮೀಟರ್ ಇದ್ದರೆ ಸೂಚ್ಯಂಕ 0.75. ಶಿಖರ 70, ಬಾಲ 14, ಸರಾಸರಿ 30 ಇದ್ದರೆ ಸೂಚ್ಯಂಕ ಸುಮಾರು 1.87. ಎರಡನೆಯದರಲ್ಲಿ ಶಿಖರ ಎತ್ತರವಾಗಿದ್ದರೂ ಮಾಸಿಗೆ ತಲುಪುವ ರಕ್ತಕ್ಕೆ ಅಡ್ಡಿ ಹೆಚ್ಚು. ಇದು ಅನುಪಾತವಾದ್ದರಿಂದ ಕೋನದ ದೋಷ ಮೇಲೂ ಕೆಳಗೂ ಸಮನಾಗಿ ಸೇರಿ ವಜಾ ಆಗುತ್ತದೆ. ಬರಿಯ ವೇಗಕ್ಕಿಂತ ಸೂಚ್ಯಂಕವನ್ನು ನೆಚ್ಚುವುದಕ್ಕೆ ಇದೇ ಕಾರಣ. ಹಾಗಿದ್ದರೂ ಕೋನ 30 ಡಿಗ್ರಿಗಿಂತ ಕಡಿಮೆಯಿರಬೇಕು, ಮೊದಲ ತ್ರೈಮಾಸಿಕದಲ್ಲಿ ಶಿಖರದ ವೇಗ ಸೆಕೆಂಡಿಗೆ 60 ಸೆಂಟಿಮೀಟರ್ ಮೀರಿರಬೇಕು ಎಂಬ ನಿಯಮಗಳಿವೆ. ವೇಗ ಅದಕ್ಕಿಂತ ಕಡಿಮೆ ಬಂದರೆ ಅಳೆದದ್ದು ಬೇರೆ ಚಿಕ್ಕ ಕವಲನ್ನಿರಬಹುದು.

ಅಳತೆಯನ್ನು ಎರಡೂ ಬದಿಗಳಲ್ಲಿ ಮಾಡಿ ಸರಾಸರಿ ತೆಗೆಯಬೇಕು. ಹೊಟ್ಟೆಯ ಮೇಲಿಂದ ನಡೆಸುವ ಪರೀಕ್ಷೆಯಲ್ಲಿ ಸರಾಸರಿ ಸೂಚ್ಯಂಕ 11ರಿಂದ 13 ವಾರಗಳ ಅವಧಿಯಲ್ಲಿ ಸುಮಾರು 2.35ಕ್ಕಿಂತ, 23ನೇ ವಾರದಲ್ಲಿ ಸುಮಾರು 1.44ಕ್ಕಿಂತ ಹೆಚ್ಚಿದ್ದರೆ ಅದು 95ನೇ ಶತಾಂಶಕವನ್ನು ಮೀರಿದಂತೆ. ಯೋನಿಮಾರ್ಗದಿಂದ ಅಳೆದರೆ ಮಿತಿಗಳು ಬೇರೆ, ತುಸು ಹೆಚ್ಚು. 23ನೇ ವಾರದಲ್ಲಿ ಬಲಬದಿ 1.2, ಎಡಬದಿ 1.6 ಬಂದಿದೆ ಎನ್ನೋಣ, ಸರಾಸರಿ 1.4, ಮಿತಿಯ ಒಳಗಿದೆ. ಮಾಸು ಒಂದು ಪಕ್ಕಕ್ಕೆ ಅಂಟಿಕೊಂಡಿದ್ದಾಗ ಆಚೆ ಬದಿಯ ಪ್ರತಿರೋಧ ಹೆಚ್ಚಿರುವುದು ಸಹಜ. ಒಂದು ಬದಿಯ ಸಂಖ್ಯೆಗೆ ಕೆಂಪು ಗೆರೆ ಎಳೆದು ಗರ್ಭಿಣಿಯನ್ನು ಗಾಬರಿಪಡಿಸುವುದು ಸರಿಯಲ್ಲ. ಅಲೆಯ ಇಳಿಜಾರಿನಲ್ಲಿ ಕಾಣುವ "ಕಚ್ಚು" ಎಂಬ ತಗ್ಗಿನ ವಿಷಯವೂ ಇಂಥದ್ದೇ. ಹಿಂದೆ ಇದಕ್ಕೆ ಬಹಳ ಮಹತ್ವ ಕೊಡಲಾಗುತ್ತಿತ್ತು. ಆದರೆ ಮೊದಲ ತ್ರೈಮಾಸಿಕದಲ್ಲಿ ಆರೋಗ್ಯವಂತ ಗರ್ಭಿಣಿಯರಲ್ಲೂ ಇದು ಸಾಮಾನ್ಯವಾಗಿ ಕಾಣುವುದರಿಂದಲೂ, ಇದೆಯೋ ಇಲ್ಲವೋ ಎಂಬುದು ನೋಡುವವರ ಕಣ್ಣನ್ನು ಅವಲಂಬಿಸುವುದರಿಂದಲೂ ಈಗ ಸೂಚ್ಯಂಕಕ್ಕೇ ಆದ್ಯತೆ.

ಯಾರಿಗೆ ಮತ್ತು ಯಾವಾಗ

ಹಿಂದಿನ ಗರ್ಭಧಾರಣೆಯಲ್ಲಿ ಪ್ರೀಎಕ್ಲಾಂಪ್ಸಿಯಾ ಬಂದವರು, ಮೊದಲಿನಿಂದಲೂ ರಕ್ತದೊತ್ತಡ, ಮೂತ್ರಪಿಂಡದ ಕಾಯಿಲೆ ಅಥವಾ ಸಕ್ಕರೆ ಕಾಯಿಲೆ ಇರುವವರು, ಲ್ಯೂಪಸ್ ಹಾಗೂ ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್‌ನಂಥ ಸ್ವರೋಗನಿರೋಧಕ ಕಾಯಿಲೆಯವರು, ಅವಳಿ ಗರ್ಭವಿರುವವರು, ಹಿಂದೆ ತೀರ ಕಡಿಮೆ ತೂಕದ ಮಗುವನ್ನು ಹೆತ್ತವರು ಅಥವಾ ಸತ್ತ ಮಗುವನ್ನು ಹೆತ್ತವರು ಗಂಡಾಂತರದ ಗುಂಪಿಗೆ ಸೇರುತ್ತಾರೆ. ಚೊಚ್ಚಲ ಬಸುರಿ, ಹೆಚ್ಚಿನ ವಯಸ್ಸು, ಬೊಜ್ಜು ಇವು ಸಂಭವವನ್ನು ಅಷ್ಟಿಷ್ಟು ಏರಿಸುತ್ತವೆ.

11ರಿಂದ 13 ವಾರಗಳ ನಡುವೆ ತಾಯಿಯ ಹಿನ್ನೆಲೆ, ರಕ್ತದೊತ್ತಡದ ಸರಾಸರಿ, ಮಾಸಿನಿಂದ ಸ್ರವಿಸುವ ಪಿ.ಎಲ್.ಜಿ.ಎಫ್. ಎಂಬ ಪ್ರೋಟೀನಿನ ಮಟ್ಟ, ಗರ್ಭಕೋಶದ ಅಪಧಮನಿಯ ಸೂಚ್ಯಂಕ ಈ ನಾಲ್ಕನ್ನೂ ಸೇರಿಸಿ ಲೆಕ್ಕ ಹಾಕಿದರೆ, 37 ವಾರಕ್ಕೆ ಮುನ್ನ ಹೆರಿಗೆ ಮಾಡಿಸಬೇಕಾಗಿ ಬರುವ ಪ್ರೀಎಕ್ಲಾಂಪ್ಸಿಯಾ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು 75ನ್ನು ಮೊದಲೇ ಗುರುತಿಸಬಹುದು. ಪ್ರತಿಯಾಗಿ, ತೊಂದರೆ ಬಾರದ ನೂರು ಮಂದಿಯಲ್ಲಿ ಹತ್ತು ಮಂದಿಗೆ ಸುಳ್ಳು ಎಚ್ಚರಿಕೆ ಬರುತ್ತದೆ. ಡಾಪ್ಲರ್ ಒಂದನ್ನೇ ನೆಚ್ಚಿದರೆ ಫಲಿತಾಂಶ ಇಷ್ಟು ಚೆನ್ನಾಗಿರುವುದಿಲ್ಲ. ದಿನ ತುಂಬಿದ ಮೇಲೆ ಬರುವ ಪ್ರೀಎಕ್ಲಾಂಪ್ಸಿಯಾವನ್ನು ಈ ಲೆಕ್ಕಾಚಾರ ಅಷ್ಟಾಗಿ ಹಿಡಿಯಲಾರದು. ಆದ್ದರಿಂದ ಡಾಪ್ಲರ್ ಚೆನ್ನಾಗಿದೆ ಎಂದ ಮಾತ್ರಕ್ಕೆ ರಕ್ತದೊತ್ತಡದ ತಪಾಸಣೆಯನ್ನು ಬಿಡುವಂತಿಲ್ಲ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ಹೊಟ್ಟೆನೋವು, ಮಗುವಿನ ಮಿಸುಕಾಟ ತಗ್ಗುವುದು ಇವುಗಳಲ್ಲಿ ಯಾವುದು ಕಂಡರೂ, ಹಿಂದಿನ ವರದಿ ಏನೇ ಹೇಳಿರಲಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸಂಶೋಧನೆಯ ಸಾಕ್ಷ್ಯ

ಪರೀಕ್ಷೆ ಅಪಾಯವನ್ನು ಗುರುತಿಸುತ್ತದೆ ಎಂಬುದು ಒಂದು ಮಾತು. ಪರೀಕ್ಷೆ ಮಾಡಿದ್ದರಿಂದ ತಾಯಿ ಮಗುವಿಗೆ ಒಳಿತಾಯಿತು ಎಂಬುದು ಬೇರೆಯೇ ಮಾತು. ಎರಡನೆಯದನ್ನು ತೋರಿಸಬೇಕಾದರೆ ಪರೀಕ್ಷೆ ಮಾಡಿದ ಗುಂಪನ್ನೂ ಮಾಡದ ಗುಂಪನ್ನೂ ಹೋಲಿಸಬೇಕು.

ತಾಯಿಯ ಕಡೆಯ ಡಾಪ್ಲರ್ ಕುರಿತು 2010ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಗೆ ಇಂಥ ಎರಡೇ ಪ್ರಯೋಗಗಳು ದೊರೆತವು. ಅವುಗಳಲ್ಲಿ ಒಟ್ಟು 4,993 ಗರ್ಭಿಣಿಯರಿದ್ದರು, ಅವರು ಕಡಿಮೆ ಅಪಾಯದ ಗುಂಪಿನವರು. ಎರಡನೇ ತ್ರೈಮಾಸಿಕದಲ್ಲಿ ನಡೆಸಿದ ಪರೀಕ್ಷೆಯಿಂದ ತಾಯಿಗಾಗಲಿ ಮಗುವಿಗಾಗಲಿ ಪ್ರಯೋಜನವಾದದ್ದು ಕಂಡುಬರಲಿಲ್ಲ. ಇದನ್ನು "ಡಾಪ್ಲರ್ ನಿಷ್ಪ್ರಯೋಜಕ" ಎಂದು ಓದುವುದು ಅವಸರವಾದೀತು. ಗಂಡಾಂತರದ ಗರ್ಭಿಣಿಯರು ಆ ಪ್ರಯೋಗಗಳಲ್ಲಿ ಇರಲೇ ಇಲ್ಲ. ಮೇಲಾಗಿ, ಎರಡನೇ ತ್ರೈಮಾಸಿಕ ಅರ್ಧ ಕಳೆಯುವಷ್ಟರಲ್ಲಿ ಸುರುಳಿ ಅಪಧಮನಿಗಳ ಮಾರ್ಪಾಡು ಆಗುವಷ್ಟು ಆಗಿಹೋಗಿರುತ್ತದೆ. ಆ ಹೊತ್ತಿನಲ್ಲಿ ದೋಷವನ್ನು ಕಂಡರೂ ತಿದ್ದಲು ವೈದ್ಯರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

2017ರಲ್ಲಿ ಪ್ರಕಟವಾದ ಆಸ್ಪ್ರೆ ಪ್ರಯೋಗ ಈ ದೃಷ್ಟಿಯಿಂದ ಮುಖ್ಯ. ಅದರಲ್ಲಿ 11ರಿಂದ 13 ವಾರಗಳಲ್ಲೇ ಡಾಪ್ಲರ್ ಸೇರಿದ ಲೆಕ್ಕಾಚಾರದಿಂದ ಗಂಡಾಂತರದ ಗರ್ಭಿಣಿಯರನ್ನು ಆರಿಸಿ, ಅರ್ಧದಷ್ಟು ಮಂದಿಗೆ ದಿನಕ್ಕೆ 150 ಮಿಲಿಗ್ರಾಂ ಆಸ್ಪಿರಿನ್ ಅನ್ನು, ಉಳಿದವರಿಗೆ ಔಷಧಿಯಿಲ್ಲದ ಹುಸಿಮಾತ್ರೆಯನ್ನು 36ನೇ ವಾರದವರೆಗೆ ರಾತ್ರಿ ಹೊತ್ತು ಕೊಡಲಾಯಿತು. 37 ವಾರಕ್ಕೆ ಮುಂಚಿನ ಪ್ರೀಎಕ್ಲಾಂಪ್ಸಿಯಾ ಆಸ್ಪಿರಿನ್ ಪಡೆದ 798 ಮಂದಿಯಲ್ಲಿ 13 ಜನರಿಗೆ (ಶೇ. 1.6), ಹುಸಿಮಾತ್ರೆ ಪಡೆದ 822 ಮಂದಿಯಲ್ಲಿ 35 ಜನರಿಗೆ (ಶೇ. 4.3) ಬಂದಿತು. ದಿನ ತುಂಬಿದ ಮೇಲಿನ ಪ್ರೀಎಕ್ಲಾಂಪ್ಸಿಯಾದಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಪರೀಕ್ಷೆಯ ಬೆನ್ನಿಗೆ, ಸಾಮಾನ್ಯವಾಗಿ 16 ವಾರ ತುಂಬುವ ಮೊದಲು, ಕೊಡಬಹುದಾದ ಔಷಧಿಯೊಂದಿದೆ ಎಂಬುದರಿಂದಲೇ ಮೊದಲ ತ್ರೈಮಾಸಿಕದ ಡಾಪ್ಲರಿಗೆ ಬೆಲೆ ಬಂದಿದೆ. ಆಸ್ಪಿರಿನ್ ಎಲ್ಲರಿಗೂ ಒಗ್ಗುವ ಮಾತ್ರೆಯಲ್ಲ. ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳತಕ್ಕದ್ದಲ್ಲ.

ಶಿಶುವಿನ ಕಡೆಯ ಡಾಪ್ಲರ್ ಕುರಿತ ಸಾಕ್ಷ್ಯ ಇದಕ್ಕಿಂತ ನೇರವಾದದ್ದು. ಗಂಡಾಂತರಕಾರಿ ಗರ್ಭಧಾರಣೆಗಳಲ್ಲಿ ಹೊಕ್ಕುಳಬಳ್ಳಿಯ ಡಾಪ್ಲರ್ ಬಳಸಿದಾಗ, 10,225 ಶಿಶುಗಳನ್ನು ಒಳಗೊಂಡ 16 ಪ್ರಯೋಗಗಳ ಒಟ್ಟು ಲೆಕ್ಕದಲ್ಲಿ, ಹೆರಿಗೆಯ ಆಸುಪಾಸಿನ ಶಿಶುಮರಣ ಶೇ. 1.7ರಿಂದ ಶೇ. 1.2ಕ್ಕೆ ಇಳಿದಿತ್ತು. ಎಂದರೆ ಸುಮಾರು 200 ಗರ್ಭಿಣಿಯರ ಪರೀಕ್ಷೆಗೆ ಒಂದು ಜೀವ ಉಳಿದಂತೆ. ವಿಕಸನದ ಕೊನೆಯಲ್ಲಿ ಹೊಕ್ಕುಳಬಳ್ಳಿಯ ಅಪಧಮನಿಯ ಹರಿವು ನಿಂತುಹೋಗಿದ್ದರೆ ಅಥವಾ ಹಿಮ್ಮುಖವಾಗಿದ್ದರೆ ಅದು ಗಂಭೀರ ಸೂಚನೆ. ಹೆರಿಗೆ ಯಾವಾಗ ಮಾಡಿಸಬೇಕೆಂಬ ನಿರ್ಧಾರಕ್ಕೆ ಅದು ಆಧಾರವಾಗುತ್ತದೆ. ತಾಯಿಯ ಕಡೆಯ ಡಾಪ್ಲರ್ ಮಾತ್ರ ಕೆಟ್ಟಿದ್ದರೆ ಅಂಥ ತುರ್ತು ಇರುವುದಿಲ್ಲ, ಆದರೆ ಶಿಶುವಿನ ಬೆಳವಣಿಗೆಯನ್ನು ಪದೇ ಪದೇ ಅಳೆಯುತ್ತಿರಬೇಕಾಗುತ್ತದೆ.

ಅಪಾಯವಿಲ್ಲದ ಎಲ್ಲ ಗರ್ಭಿಣಿಯರಿಗೂ ವಾಡಿಕೆಯಂತೆ ಡಾಪ್ಲರ್ ಮಾಡುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಶಿಫಾರಸು ಮಾಡಿಲ್ಲ.

ಮೈಸೂರು ಮತ್ತು ಕರ್ನಾಟಕ

ಮಾದರಿ ನೋಂದಣಿ ವ್ಯವಸ್ಥೆಯ 2018–20ರ ವರದಿಯ ಪ್ರಕಾರ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಮೃತಪಟ್ಟಿದ್ದರು. ಇದು ದೇಶದ ಸರಾಸರಿಯಾದ 97ಕ್ಕಿಂತ ಕಡಿಮೆಯಾದರೂ ದಕ್ಷಿಣದ ಐದು ರಾಜ್ಯಗಳಲ್ಲಿ ಅತಿ ಹೆಚ್ಚು. ತಾಯಂದಿರ ಸಾವಿನ ಪ್ರಮುಖ ಕಾರಣಗಳಲ್ಲಿ ರಕ್ತಸ್ರಾವದ ಜತೆಗೆ ಗರ್ಭಾವಸ್ಥೆಯ ರಕ್ತದೊತ್ತಡವೂ ಒಂದು.

ದಸರೆಯ ಜಂಬೂಸವಾರಿ ಕೊನೆಗೊಳ್ಳುವ ಸ್ಥಳವೆಂದು ಹೆಸರಾದ ಮೈಸೂರಿನ ಬನ್ನಿಮಂಟಪದಲ್ಲಿ, ಶ್ರೀ ಶಿವರಾತ್ರೀಶ್ವರ ನಗರದ ಆವರಣದಲ್ಲಿ, 1984ರಲ್ಲಿ ಆರಂಭವಾದ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜು ಇದೆ. ಅದರ ಬೋಧನಾ ಆಸ್ಪತ್ರೆ ಮಹಾತ್ಮ ಗಾಂಧಿ ರಸ್ತೆಯಲ್ಲಿದೆ. ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಚೆಲುವಾಂಬ ಆಸ್ಪತ್ರೆ ನಗರದ ಮುಖ್ಯ ಸರ್ಕಾರಿ ಹೆರಿಗೆ ಆಸ್ಪತ್ರೆ. ಸುತ್ತಲಿನ ಜಿಲ್ಲೆಗಳಿಂದ ಗಂಡಾಂತರದ ಗರ್ಭಿಣಿಯರನ್ನು ಕಳುಹಿಸುವುದು ಇಂಥ ಬೋಧನಾ ಆಸ್ಪತ್ರೆಗಳಿಗೇ.

ಶಿಶು ಗರ್ಭದಲ್ಲಿ ಚೆನ್ನಾಗಿ ಬೆಳೆಯದಿದ್ದರೆ ಅದರ ಫಲ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಜಗತ್ತಿನ ಗಮನ ಸೆಳೆದ ಪುರಾವೆಯೊಂದು ಬನ್ನಿಮಂಟಪಕ್ಕೆ ದೂರವಲ್ಲದ ಮಂಡಿ ಮೊಹಲ್ಲಾದಲ್ಲಿಯೇ ದೊರೆತಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ (ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ) 1906ರಲ್ಲಿ ಆರಂಭವಾದದ್ದು. ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಗಳನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಡಲಾಗುತ್ತಿತ್ತು. 1934ರಿಂದ 1954ರವರೆಗೆ ಹುಟ್ಟಿದ 517 ಮಂದಿಯನ್ನು ಅವರ ನಡುವಯಸ್ಸಿನಲ್ಲಿ ಮತ್ತೆ ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟುವಾಗ ಐದೂವರೆ ಪೌಂಡ್ (2.5 ಕಿಲೋಗ್ರಾಂ) ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದಯದ ಕಿರೀಟ ಧಮನಿಗಳ ಕಾಯಿಲೆ ಇದ್ದರೆ, ಏಳು ಪೌಂಡ್ ಅಥವಾ ಹೆಚ್ಚು ತೂಗಿದವರಲ್ಲಿ ಅದು ಶೇ. 3 ಮಾತ್ರ ಇತ್ತು. ಸೂಲಗಿತ್ತಿಯರೂ ದಾದಿಯರೂ ತೂಕ ನೋಡಿ ಬರೆದಿಟ್ಟ ಒಂದು ಸಾಲು ಅರ್ಧ ಶತಮಾನದ ನಂತರ ಹೃದ್ರೋಗಶಾಸ್ತ್ರಕ್ಕೆ ಒದಗಿಬಂದದ್ದು ಅಪರೂಪದ ಸಂಗತಿ. ಇಲ್ಲೊಂದು ಎಚ್ಚರಿಕೆ ಬೇಕು: ಮೈಸೂರಿನ ಆ ಶಿಶುಗಳ ತೂಕ ಕಡಿಮೆಯಿದ್ದುದಕ್ಕೆ ತಾಯಂದಿರ ಪೋಷಣೆಯ ಕೊರತೆಯಂಥ ಕಾರಣಗಳೂ ಇದ್ದಿರಬಹುದು. ಡಾಪ್ಲರ್ ಇಲ್ಲದ ಕಾಲದಲ್ಲಿ ಮಾಸಿನ ರಕ್ತಪ್ರವಾಹದ ಪಾಲೆಷ್ಟು, ಊಟದ ಪಾಲೆಷ್ಟು ಎಂದು ಬೇರ್ಪಡಿಸಲು ದಾರಿಯಿರಲಿಲ್ಲ. ಇಂದಿಗೂ ಅಪಧಮನಿಯ ಸೂಚ್ಯಂಕ ಸರಿಯಾಗಿದ್ದೂ ಶಿಶು ಚಿಕ್ಕದಾಗಿದ್ದರೆ ತಾಯಿಯ ತೂಕ, ರಕ್ತಹೀನತೆ ಮತ್ತು ಆಹಾರದ ಕಡೆ ನೋಡಬೇಕಾಗುತ್ತದೆ.

ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ಗಂಡಾಂತರದ ಗರ್ಭಿಣಿಯರ ಕಾರ್ಡಿಗೆ ಕೆಂಪು ಚೀಟಿ ಅಂಟಿಸುತ್ತಾರೆ. ತೊಡಕಿರುವುದು ಸಮಯದ್ದು. ಹೆಗ್ಗಡದೇವನಕೋಟೆಯ ಹಾಡಿಯಿಂದಲೋ ಚಾಮರಾಜನಗರದ ಕಾಡಂಚಿನ ಊರಿನಿಂದಲೋ ಗರ್ಭಿಣಿ ಮೊದಲ ಬಾರಿ ಸ್ಕ್ಯಾನಿಗೆ ಬರುವುದು ಐದನೆಯ ತಿಂಗಳಲ್ಲಾದರೆ, ಆಸ್ಪಿರಿನ್ ಆರಂಭಿಸಬೇಕಾದ ಕಾಲ ಆಗಲೇ ಕಳೆದಿರುತ್ತದೆ. ಯಂತ್ರದ ಗುಣಮಟ್ಟಕ್ಕಿಂತ, ಮೂರನೆಯ ತಿಂಗಳಲ್ಲೇ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಿ, ರಕ್ತದೊತ್ತಡ ನೋಡಿಸಿ, ಹಿಂದಿನ ಹೆರಿಗೆಯ ಕಥೆಯನ್ನು ಕೇಳಿ ಬರೆದುಕೊಳ್ಳುವುದೇ ಇಲ್ಲಿ ಹೆಚ್ಚು ನಿರ್ಣಾಯಕ. ಆ ಕಥೆಯೊಂದರಿಂದಲೇ ಗಂಡಾಂತರದ ಗುಂಪಿಗೆ ಸೇರುವವರಿಗೆ ಆಸ್ಪಿರಿನ್ ಆರಂಭಿಸಲು ಡಾಪ್ಲರಿಗಾಗಿ ಕಾಯಬೇಕಾಗಿಯೂ ಇಲ್ಲ.

ಸುರಕ್ಷತೆ ಮತ್ತು ಕಾನೂನು

ಡಾಪ್ಲರ್ ಧ್ವನಿಕಿರಣ ಒಂದೇ ಜಾಗದ ಮೇಲೆ ಕೇಂದ್ರೀಕೃತವಾಗುವುದರಿಂದ ಸಾಮಾನ್ಯ ಸ್ಕ್ಯಾನಿಗಿಂತ ಹೆಚ್ಚು ಶಾಖವನ್ನು ಉಂಟುಮಾಡಬಲ್ಲದು. ಮೊದಲ ತ್ರೈಮಾಸಿಕದಲ್ಲಿ ಯಂತ್ರದ ಪರದೆಯಲ್ಲಿ ಕಾಣುವ ಶಾಖ ಸೂಚ್ಯಂಕ 1ನ್ನು ಮೀರದಂತೆ, ಅವಧಿ ಆದಷ್ಟು ಕಿರಿದಾಗಿರುವಂತೆ ನೋಡಿಕೊಳ್ಳಬೇಕು. ಗರ್ಭಕೋಶದ ಅಪಧಮನಿ ಶಿಶುವಿನಿಂದ ಬದಿಗಿರುವುದರಿಂದ ಈ ಪರೀಕ್ಷೆಯಲ್ಲಿ ಕಿರಣ ಶಿಶುವಿನ ಮೇಲೆ ನೇರವಾಗಿ ಬೀಳುವುದಿಲ್ಲ.

ಈ ಪರೀಕ್ಷೆಯಲ್ಲಿ ಶಿಶುವಿನ ಲಿಂಗವನ್ನು ನೋಡಬೇಕಾದ ಅಗತ್ಯವೇ ಇಲ್ಲ. ಆದರೂ ಬಳಸುವ ಯಂತ್ರ ಅದೇ ಆದ್ದರಿಂದ 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯಿದೆ ಇದಕ್ಕೂ ಅನ್ವಯಿಸುತ್ತದೆ. ಕೇಂದ್ರವೂ ಯಂತ್ರವೂ ನೋಂದಣಿಯಾಗಿರಬೇಕು, ಪ್ರತಿ ಗರ್ಭಿಣಿಗೂ "ಎಫ್" ನಮೂನೆಯನ್ನು ಭರ್ತಿ ಮಾಡಬೇಕು, ಲಿಂಗವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸಬಾರದು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಕದ್ದುಮುಚ್ಚಿ ಭ್ರೂಣಲಿಂಗ ಪತ್ತೆ ನಡೆಸುತ್ತಿದ್ದ ಜಾಲ ಬಯಲಾದಾಗ ಈ ನಿಯಮಗಳ ಅಗತ್ಯ ಮತ್ತೆ ಚರ್ಚೆಗೆ ಬಂದಿತು. ಹೊತ್ತೊಯ್ಯಬಲ್ಲ ಯಂತ್ರಗಳ ಮೇಲೆ ಇದೇ ಕಾರಣಕ್ಕೆ ಬಿಗಿಯಾದ ನಿರ್ಬಂಧಗಳಿವೆ. ಹೀಗಾಗಿ ಡಾಪ್ಲರ್ ಬೇಕಾದ ಗರ್ಭಿಣಿಯೇ ನೋಂದಾಯಿತ ಕೇಂದ್ರಕ್ಕೆ ಪ್ರಯಾಣ ಮಾಡಬೇಕಾಗಿದೆ.